ಯಾಕೆ ಬೇಕು ಅಂತ ಯಾರೂ ಕೇಳಲಿಲ್ಲ: ಆಮ್‌ಸ್ಟರ್‌ಡ್ಯಾಮ್ ನಗರ ಪತ್ರಾಗಾರ, ಐದು ವರ್ಷ ಬಳಸಿದ ಮೇಲೆ

ನಾನು ಅಲ್ಲಿಗೆ ಮೊದಲು ಹೋಗಿದ್ದು ಬಸರೂರನ್ನು ಹುಡುಕಿಕೊಂಡು. ಅಮ್ಮನ ತವರು ಕುಂದಾಪುರದ ಹತ್ತಿರ. ಬಸರೂರಿನಲ್ಲಿ 17ನೇ ಶತಮಾನದಲ್ಲಿ ಡಚ್ಚರ ವ್ಯಾಪಾರದ ಕೋಠಿ ಇತ್ತು ಅಂತ ಚಿಕ್ಕಂದಿನಿಂದ ಕೇಳಿದ್ದೆ. ಈಗ ಡಚ್ಚರ ಊರಿಗೇ ಬಂದು ಕೂತಿದ್ದೇನಲ್ಲ, ನೋಡಿಯೇ ಬಿಡೋಣ ಅನಿಸಿತು. ಕೌಂಟರಿನಲ್ಲಿದ್ದವರು ತಾಳ್ಮೆಯಿಂದ ಕೇಳಿಸಿಕೊಂಡರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳು ಹೇಗ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಇಲ್ಲಿರುವುದು ಈ ಊರಿನದು ಎಂದರು. ಮುಖ ಸಪ್ಪಗೆ ಮಾಡಿಕೊಂಡು ಹೊರಟೆ. ಆಗ ಅವರೇ ಕೇಳಿದರು, "ನಿಮ್ಮ ಮನೆ ಯಾವ ಬೀದಿಯಲ್ಲಿದೆ?"

ನಮ್ಮದು ಡೆ ಪೈಪ್ ಬಡಾವಣೆ, ಬಾಡಿಗೆ ಮನೆ, ಎರಡನೇ ಮಹಡಿ. ಅವರು ಕಂಪ್ಯೂಟರಿನಲ್ಲಿ ಬೀದಿ ಹೆಸರು, ಮನೆ ನಂಬರ್ ಹಾಕಿದರು. ಒಂದು ಕಾರ್ಡ್ ತೆರೆಯಿತು. 1924ರಿಂದ 1989ರವರೆಗೆ ಊರಿನ ಮನೆಗಳಿಗೆ ಹೀಗೆ ಕಾರ್ಡ್ ಬರೆದಿಟ್ಟಿದ್ದಾರೆ. ಯಾರು ಇದ್ದರು, ಯಾವಾಗ ಬಂದರು, ಯಾವಾಗ ಬಿಟ್ಟರು. ನಾನು ದಿನಾ ಅನ್ನಕ್ಕೆ ಇಡುವ ಅಡುಗೆಮನೆಯಲ್ಲಿ ನನಗಿಂತ ಮೊದಲು ಏಳು ಸಂಸಾರ ಅಡುಗೆ ಮಾಡಿದ್ದವು. ಒಂದೊಂದು ಸಾಲಿಗೂ ಬೇರೆ ಕೈಬರಹ, ಬೇರೆ ಶಾಯಿ. ಒಬ್ಬ ಗುಮಾಸ್ತ ಇಸವಿಯ ಕೆಳಗೆ ಗೆರೆ ಎಳೆಯುವಾಗ ಶಾಯಿ ಚೆಲ್ಲಿ, ಅದನ್ನು ಬೆರಳಿನಿಂದ ಒರೆಸಿದ ಗುರುತು ಕೂಡ ಹಾಗೇ ಇತ್ತು.

ನನಗೆ ನಿಜವಾಗಿ ಆಶ್ಚರ್ಯವಾಗಿದ್ದು ಬೇರೆ. ಯಾಕೆ ಬೇಕು ಅಂತ ಅವರು ಕೇಳಲೇ ಇಲ್ಲ. ನಮ್ಮೂರಿನಲ್ಲಿ ಅಜ್ಜನ ಮನೆಯ ಹಳೇ ದಾಖಲೆ ನೋಡಬೇಕು ಅಂತ ಒಂದು ಕಚೇರಿಗೆ ಮೂರು ಸಲ ಅಲೆದಿದ್ದೆ. ಮೂರು ಸಲವೂ ಮೊದಲ ಮಾತು ಒಂದೇ: "ಯಾಕಮ್ಮ, ಕೋರ್ಟ್ ಕೇಸಾ? ಪಾಲಿನ ಜಗಳವಾ?" ಸುಮ್ನೆ ನೋಡೋಕೆ ಅಂದರೆ ನಂಬಲಿಲ್ಲ. ಅಜ್ಜ ಆ ಮನೆ ಕಟ್ಟಿದ ಇಸವಿ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಬಾಡಿಗೆಗಿರುವ ಮನೆಯ ಚರಿತ್ರೆ ಮಾತ್ರ ಬಾಯಿಪಾಠ ಆಗಿದೆ.

ಕಟ್ಟಡದ ಬಗ್ಗೆ ಜಾಸ್ತಿ ಹೇಳಲ್ಲ, ಫೋಟೋ ಎಲ್ಲರೂ ನೋಡಿರುತ್ತೀರಿ. ದೊಡ್ಡ ವ್ಯಾಪಾರ ಸಂಸ್ಥೆಯೊಂದಕ್ಕೆ ಅಂತ 1926ರಲ್ಲಿ ಮುಗಿಸಿದ್ದು. 2007ರಿಂದ ಪತ್ರಾಗಾರ ಇಲ್ಲಿದೆ. ನೆಲಮಾಳಿಗೆಯ ಹಳೇ ತಿಜೋರಿ ಕೋಣೆಯನ್ನೇ ಖಜಾನೆ ಅಂತ ಮಾಡಿ ಜನರಿಗೆ ತೆರೆದಿದ್ದಾರೆ, ಅದನ್ನು ತಪ್ಪಿಸಬೇಡಿ. ಆಮ್‌ಸ್ಟರ್‌ಡ್ಯಾಮ್ ಅನ್ನುವ ಹೆಸರು ಮೊದಲು ಕಾಣಿಸುವ 1275ರ ಸುಂಕ ವಿನಾಯಿತಿ ಪತ್ರವೂ ಈ ಪತ್ರಾಗಾರದ್ದೇ. ಆದರೆ ನನ್ನ ಮಗಳಿಗೆ ಹಿಡಿಸಿದ್ದು ಒಂದು ಪೊಲೀಸ್ ದೂರು. 1942ರಲ್ಲಿ, ಡೈರಿ ಬರೆದ ಯೆಹೂದಿ ಹುಡುಗಿ ಆನ್ ಫ್ರಾಂಕ್‌ಳ ಸೈಕಲ್ ಕಳುವಾಗಿತ್ತು, ಅದರದ್ದು. "ಸೈಕಲ್ ಸಿಕ್ತಾ ಅಮ್ಮಾ?" ಅಂತ ಮನೆಗೆ ಬರುವ ದಾರಿಯುದ್ದಕ್ಕೂ ಕೇಳಿದಳು.

ಶನಿವಾರ ಸಂಜೆ ನನ್ನದೊಂದು ರೂಢಿ ಇದೆ. ಮಗಳು ಮಲಗಿದ ಮೇಲೆ ಡಿಕಾಕ್ಷನ್ ಹಾಕಿ, ದೊಡ್ಡ ಲೋಟದಲ್ಲಿ ಕಾಫಿ ಬೆರೆಸಿಕೊಂಡು, ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. 1578ರಿಂದ 1915ರವರೆಗಿನ ನೋಟರಿಗಳ ದಸ್ತಾವೇಜು ಇಲ್ಲಿವೆ, ಕಪಾಟುಗಳನ್ನು ಸಾಲಾಗಿಟ್ಟರೆ ಮೂರೂವರೆ ಕಿಲೋಮೀಟರ್. 2017ರಲ್ಲಿ ಯುನೆಸ್ಕೋದ 'ವಿಶ್ವ ಸ್ಮೃತಿ' ಪಟ್ಟಿಗೂ ಸೇರಿದವು. ಅವುಗಳ ಸ್ಕ್ಯಾನ್ ನೋಡಿ ಹೆಸರು, ತಾರೀಕು, ಊರು ಟೈಪ್ ಮಾಡುವ ಕೆಲಸವನ್ನು 2016ರಿಂದ ಸಾಮಾನ್ಯ ಜನರಿಗೇ ಬಿಟ್ಟುಕೊಟ್ಟರು. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ಬರೆಯುತ್ತಾರೆ, ಮೂರನೆಯವರು ತಾಳೆ ನೋಡುತ್ತಾರೆ. ಮೊದಲ ಆರು ತಿಂಗಳು ನನಗೆ ಅಕ್ಷರವೇ ಹತ್ತಲಿಲ್ಲ, ಥೇಟ್ ನಮ್ಮ ಶಾನುಭೋಗರ ಮೋಡಿ ಲಿಪಿ. ಆಮೇಲೆ ಕಣ್ಣು ಪಳಗಿತು. ಈಗ ನಾನು ಮೊದಲು ನೋಡುವುದು ಪುಟದ ಕೊನೆ. ಓದು ಬಾರದ ನಾವಿಕರು, ಮನೆಗೆಲಸದ ಹೆಂಗಸರು ಅಲ್ಲಿ ಒಂದು ಗುರುತು ಹಾಕಿರುತ್ತಾರೆ, ಬಹಳ ಸಲ ಬರೀ ಒಂದು ಶಿಲುಬೆ. ಕೈ ನಡುಗಿದ್ದೂ ಕಾಣಿಸುತ್ತದೆ. ನಮ್ಮ ಅಜ್ಜಿಯ ಹೆಬ್ಬೆಟ್ಟು ನೆನಪಾಗುತ್ತದೆ.

ಇನ್ನೂ ಸ್ಕ್ಯಾನ್ ಆಗದ ಪುಸ್ತಕ ಬೇಕಾದರೆ ಕೇಳಬಹುದು. ದುಡ್ಡು ಕೊಡಬೇಕಿಲ್ಲ, ಕಾಯಬೇಕು ಅಷ್ಟೇ. ಆದಾಗ ಇಮೇಲ್ ಬರುತ್ತದೆ. ನಾನು ಕೇಳಿದ್ದು ಅಲ್ಲಿಂದ ಮುಂದೆ ಎಲ್ಲರಿಗೂ ತೆರೆದಿರುತ್ತದೆ. ನನ್ನ ಕುತೂಹಲಕ್ಕೆ ತೆರೆದ ಒಂದು ರಿಜಿಸ್ಟರ್ ಈಗ ಯಾರ ಮನೆಯಲ್ಲಿ ಕೂತು ಯಾರು ಓದುತ್ತಿದ್ದಾರೋ! ನನಗೆ ಇದಕ್ಕಿಂತ ದೊಡ್ಡ ಖುಷಿ ಈ ಊರಿನಲ್ಲಿ ಸಿಕ್ಕಿಲ್ಲ.

ಆದರೂ ಒಂದು ರಾತ್ರಿ ಕಾಫಿ ತಣ್ಣಗಾಯಿತು. ನಮ್ಮ ಮನೆಯ ಕಾರ್ಡಿನಲ್ಲಿದ್ದ ಎರಡನೇ ಸಂಸಾರದ ಜಾಡು ಹಿಡಿದು 1893ರಿಂದ 1939ರವರೆಗಿನ ಕುಟುಂಬ ಕಾರ್ಡುಗಳಿಗೆ ಹೋಗಿದ್ದೆ. ಆ ಮನೆಯ ಅಪ್ಪನ ಕೆಲಸ ವಜ್ರಕ್ಕೆ ಸಾಣೆ ಹಿಡಿಯುವುದು. ಈ ಬಡಾವಣೆಯಲ್ಲಿ ಅಂಥವರು ತುಂಬಾ ಜನ ಇದ್ದರು, ಕಲ್ಲಿನನ್ ವಜ್ರವನ್ನು 1908ರಲ್ಲಿ ಒಡೆದ ಆಶರ್ ಕಾರ್ಖಾನೆ ಇಲ್ಲೇ ಹತ್ತಿರದಲ್ಲಿದೆ. ಧರ್ಮದ ಜಾಗದಲ್ಲಿ ಎರಡೇ ಅಕ್ಷರ, ಯೆಹೂದಿ ಎಂದು ಅರ್ಥ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಯೆಹೂದಿಗಳನ್ನು ಹುಡುಕಿ ಹಿಡಿದದ್ದು ಇಂಥ ಕಾರ್ಡುಗಳ ನೆರವಿನಿಂದಲೇ. ಅದಕ್ಕೇ 1943ರ ಮಾರ್ಚ್‌ನಲ್ಲಿ ಪ್ರತಿರೋಧದ ಗುಂಪೊಂದು ಜನಸಂಖ್ಯಾ ನೋಂದಣಿ ಕಚೇರಿಗೇ ಬೆಂಕಿ ಇಟ್ಟಿತು. ನಾಜಿಗಳ ಕೈಯಲ್ಲಿ ಸತ್ತವರಿಗಾಗಿ 2021ರಲ್ಲಿ ತೆರೆದ ಹೆಸರುಗಳ ಸ್ಮಾರಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇಟ್ಟಿಗೆಗಳಿವೆ, ಒಂದೊಂದರ ಮೇಲೂ ಒಂದು ಹೆಸರು. ಮರುದಿನ ಹೋಗಿ ಹುಡುಕಿದೆ. ಆ ಮನೆಯ ಕಿರಿ ಮಗಳ ಹೆಸರು ಅಲ್ಲಿತ್ತು.

ಅದಾದ ಮೇಲೆ ಎರಡು ತಿಂಗಳು ನಾನು ಲ್ಯಾಪ್‌ಟಾಪ್ ತೆರೆಯಲಿಲ್ಲ. ಎಲ್ಲವನ್ನೂ ಬರೆದಿಡುವುದು ಒಳ್ಳೆಯದೇ ಅಂತ ಅಂದುಕೊಂಡಿದ್ದವಳಿಗೆ ಈಗ ಹಾಗೆ ಸಲೀಸಾಗಿ ಹೇಳಲು ಬಾಯಿ ಬರಲ್ಲ. ಮತ್ತೆ ಶುರು ಮಾಡಿದ್ದು ಮಗಳಿಂದ. "ನಮ್ಮ ರೂಮಲ್ಲಿ ಮಲಗ್ತಿದ್ದ ಹುಡುಗಿ ಹೆಸರು ಇನ್ನೊಂದ್ಸಲ ಹೇಳು" ಅಂದಳು. ಹೇಳಿದೆ. ಈಗ ಅವಳಿಗೂ ಆ ಹೆಸರು ಬರುತ್ತದೆ.

ಇಲ್ಲಿರುವ ನಮ್ಮವರು ಹೋಗುವುದಾದರೆ ಡಚ್ ಬರಲ್ಲ ಅಂತ ಹಿಂಜರಿಯಬೇಡಿ. ನಾನು ಹೋದಾಗ ನನಗೆ ಬರುತ್ತಿದ್ದುದು ಅಂಗಡಿಯಲ್ಲಿ ಮಾತಾಡುವಷ್ಟೇ. ಮನೆ ನಂಬರಿನ ಜೊತೆ ನಿಮ್ಮ ಬೀದಿಯ ಹಳೇ ಹೆಸರನ್ನೂ ಕೇಳಿಕೊಂಡು ಹೋಗಿ. ಈಗ ಫ್ರೈಹೈಡ್ಸ್‌ಲಾನ್ ಅನ್ನುವ ರಸ್ತೆ 1946ರಿಂದ 1956ರವರೆಗೆ ಸ್ಟಾಲಿನ್‌ಲಾನ್ ಆಗಿತ್ತು, ಅದಕ್ಕೂ ಮೊದಲು ಆಮ್‌ಸ್ಟೆಲ್‌ಲಾನ್.