ಫಸಲಿಗೆ 590 ಕೂಡಿಸಿ: ತಾರ್ನಾಕಾದ ಪತ್ರಾಗಾರಕ್ಕೆ ಆರು ವರ್ಷ ಓಡಾಡಿದ ಮೇಲೆ

ಊರಿನ ಹಳೇ ಕಾಗದ ಹುಡುಕೋಕೆ ಹೊರಟ ಕಲಬುರಗಿಯವರು ಮೊದಲು ಬೆಂಗಳೂರಿನ ಕಡೆ ಮುಖ ಮಾಡ್ತಾರೆ. ನಾನೂ ಮಾಡಿದ್ದೆ. ಆದರೆ 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮರ ಆಳ್ವಿಕೆಯವರು, 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದವರು. ದಿವಾನರ ದಫ್ತರ ಇದ್ದದ್ದು ಹೈದರಾಬಾದಿನಲ್ಲಿ. ಹಾಗಾಗಿ ನನ್ನ ಓಡಾಟವೆಲ್ಲ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರ ಮತ್ತು ಸಂಶೋಧನಾ ಸಂಸ್ಥೆಗೆ.

ಅಲ್ಲಿರುವ ಅತಿ ಹಳೇ ದಾಖಲೆ 1406ರದ್ದು, ಫಿರೋಜ್ ಶಾ ಬಹಮನಿಯ ಕಾಲದ್ದು. ಸುಲ್ತಾನ ಮಲಗಿರೋದು ನಮ್ಮ ಕಲಬುರಗಿಯ ಹಫ್ತ್ ಗುಂಬಜ್ ಗೋರಿಗಳಲ್ಲಿ, ಕಾಗದ ಮಾತ್ರ ಪಕ್ಕದ ರಾಜ್ಯದಲ್ಲಿ! ಮೊದಲ ವರ್ಷ ಇದೇ ಸಿಟ್ಟಿನಲ್ಲಿ ಹೋಗಿಬಂದೆ.

ನನ್ನ ದಿನಚರಿ ಹೇಳಿಬಿಡ್ತೀನಿ. ಜನರಲ್ ಡಬ್ಬಿಯಲ್ಲಿ ವಾಡಿ, ತಾಂಡೂರು ದಾಟಿ ಸಿಕಂದರಾಬಾದಿಗೆ. ಚೀಲದಲ್ಲಿ ಎರಡು ಪೆನ್ಸಿಲ್, ನೋಟ್‌ಬುಕ್, ಭೂತಗನ್ನಡಿ. ಮಧ್ಯಾಹ್ನ ಹೊರಗೆ ಬಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಕಟಕ ರೊಟ್ಟಿ ಒಯ್ಯಬೇಡಿ, ಪುಡಿ ಉದುರಿ ಅಂಗಿಗೆ ಅಂಟುತ್ತೆ. ಅದೇ ಅಂಗಿಯಲ್ಲಿ ನೂರು ವರ್ಷದ ಕಾಗದದ ಮುಂದೆ ಹೋಗಿ ಕೂರೋಕೆ ನನಗೇ ನಾಚಿಕೆ. ವಾಪಸ್ ಬರುವಾಗ ಒಂದು ಪೊಟ್ಟಣ ಉಸ್ಮಾನಿಯಾ ಬಿಸ್ಕತ್ತು. ಅದು ಯಾರಿಗೆ ಅಂತ ಮುಂದೆ ಹೇಳ್ತೀನಿ.

ಅಲ್ಲಿನ ದಾಖಲೆಗಳಲ್ಲಿ ಬಹುಪಾಲು ಫಾರ್ಸಿ, ಉರ್ದು. 1880ರ ದಶಕದಲ್ಲಿ ಕಚೇರಿ ಭಾಷೆ ಫಾರ್ಸಿಯಿಂದ ಉರ್ದುಗೆ ಬದಲಾಯಿತು. ನಮ್ಮ ಅಜ್ಜ ಉರ್ದು ಶಾಲೆಯಲ್ಲಿ ಓದಿದವರು, ನನಗೆ ಒಂದಕ್ಷರ ಬರಲ್ಲ. ಆದರೆ ಪಹಣಿ, ದಫ್ತರ, ಜಾಗೀರು ಅನ್ನೋ ಮಾತುಗಳು ಮನೆಯಲ್ಲೇ ಕೇಳಿ ಬೆಳೆದವು. ಮಾಲಿಪಾಟೀಲ ಅನ್ನೋ ಅಡ್ಡಹೆಸರಿನ 'ಮಾಲಿ'ಗೂ ತೋಟದ ಮಾಲಿಗೂ ಸಂಬಂಧವಿಲ್ಲ, ಅದು ಕಂದಾಯದ 'ಮಾಲ್' ಅಂತ ಗೊತ್ತಾಗಿದ್ದೂ ಈ ಓಡಾಟದಲ್ಲೇ.

ನನಗೆ ಬೇಕಿದ್ದದ್ದು ನಮ್ಮೂರ ಬಾವಿಯ ಚರಿತ್ರೆ. ಇಂಗ್ಲಿಷಿನ ಒಂದು ಕಾಗದದಲ್ಲಿ ಬಾವಿ ತೋಡಲು 1926ರಲ್ಲಿ ಮಂಜೂರಾತಿ. ಉರ್ದು ಕಾಗದದಲ್ಲಿ ಅದೇ ಬಾವಿಯ ದುರಸ್ತಿ, ಇಸವಿ 1340. ಹಿಜರಿ, ಅಂದರೆ ಮುಸ್ಲಿಮರ ಚಾಂದ್ರಮಾನ ವರ್ಷ ಅಂದುಕೊಂಡು ಲೆಕ್ಕ ಹಾಕಿದೆ, 1921 ಬಂತು. ತೋಡುವ ಮೊದಲೇ ದುರಸ್ತಿ! ದುಡ್ಡು ನುಂಗಿದ್ದಾರೆ ಅಂತ ಎರಡು ವರ್ಷ ಊರ ತುಂಬ ಹೇಳಿಕೊಂಡು ತಿರುಗಿದೆ. ಪಕ್ಕದಲ್ಲಿ 'ಬಹಮನ್' ಅಂತ ಬೇರೆ ಇದೆ ಅಂತ ಯಾರೋ ಓದಿ ಹೇಳಿದ್ದರು. ಕಲಬುರಗಿಯವನಲ್ಲವೇ, ಬಹಮನಿಗಳ ಕಾಲದ ಬಾವಿ ಇರಬೇಕು ಅಂತಲೂ ಒಂದು ಸಿದ್ಧಾಂತ ಕಟ್ಟಿದ್ದೆ.

ನಮ್ಮ ಓಣಿಯ ನಿವೃತ್ತ ಉರ್ದು ಮಾಸ್ತರರಿಗೆ ನಕಲು ತೋರಿಸಿದೆ. ಕನ್ನಡಕ ಹಣೆಗೇರಿಸಿ, ಕಾಗದ ಮೂಗಿಗೆ ಹಿಡಿದು ನಕ್ಕರು.

"ಇದು ಹಿಜರಿ ಅಲ್ರಿ, ಫಸಲಿ. ತಿಂಗಳ ಹೆಸರು ನೋಡ್ರಿ, ಬಹಮನ್ ಅದ. ಮೊಹರಂ, ರಂಜಾನ್ ಎಲ್ಲದ ಇದರಾಗ? ಐನೂರ ತೊಂಬತ್ತು ಕೂಡಸ್ರಿ."

ಕೂಡಿಸಿದೆ: 1930. ಬಾವಿ ತೋಡಿ ನಾಲ್ಕು ವರ್ಷಕ್ಕೆ ದುರಸ್ತಿ, ಅಷ್ಟೇ. ನಿಜಾಮರ ಕಚೇರಿಗಳಲ್ಲಿ ಫಸಲಿ, ಅಂದರೆ ಕಂದಾಯ ಲೆಕ್ಕದ ವರ್ಷ ನಡೀತಿತ್ತು. ಅದು ಆಜೂರ್ ತಿಂಗಳಿಂದ, ಅಂದರೆ ಅಕ್ಟೋಬರಿನಿಂದ ಶುರು. ಬಹಮನ್ ಮೂರನೇ ತಿಂಗಳು. ಬಿಸ್ಕತ್ತಿನ ಪೊಟ್ಟಣ ಅಂದಿನಿಂದ ಮಾಸ್ತರರ ಪಾಲು. ಬೇರೆ ಫೀಸು ಅವರು ಮುಟ್ಟಲ್ಲ.

ಪತ್ರಾಗಾರಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಒಂದನ್ನು ಕಳೆದದ್ದು ದೂರಕ್ಕೆ. ನನ್ನ ಪಿಂಚಣಿಯಲ್ಲಿ ವರ್ಷಕ್ಕೆ ಮೂರು ಸಲ ಹೋಗೋದೇ ಹೆಚ್ಚು. ಉರ್ದು ಬಲ್ಲವರು ಜೊತೆಗಿದ್ದರೆ ಕಣ್ಣು ಮುಚ್ಚಿ ಹೋಗಿ. ಬರೀ ಖಾಸ್ರಾ ಪಹಣಿ (ಜಮೀನಿನ ಹಳೇ ದಾಖಲೆ) ಬೇಕಿದ್ದವರು ಅಷ್ಟು ದೂರ ಹೋಗೋದಕ್ಕಿಂತ ಮೊದಲು ತಹಸೀಲ್ ಕಚೇರಿಯಲ್ಲಿ ವಿಚಾರಿಸಿ.

ಈಗ ಹಳೇ ನೋಟ್‌ಬುಕ್ ತಿದ್ದುತ್ತಾ ಕೂತಿದ್ದೀನಿ. ಮೂರು ಮುಗಿದವು. ನಾಲ್ಕನೆಯದರಲ್ಲಿ ಇಸವಿ ಮಾತ್ರ ಇದೆ, ತಿಂಗಳ ಹೆಸರು ಬರೆದುಕೊಂಡೇ ಇಲ್ಲ, ಹಿಜರಿಯೋ ಫಸಲಿಯೋ ತಿಳಿಯಲ್ಲ. ಅವನ್ನೆಲ್ಲ ಮತ್ತೆ ತೆಗೆಸಿ ನೋಡಬೇಕು. ದೀಪಾವಳಿ ಕಳೆದ ಮೇಲೆ ಹೋಗ್ತೀನಿ.