ಬಾಂದ್ರಾದಿಂದ ಧಾರವಾಡದ ಕಡೆಗೆ: ಸುರಂಗ ಮತ್ತು ಅಟಲ್ ಸೇತುವೋ, ವಾಶಿ ಖಾಡಿಯೋ?

ಊರಿಗೆ ಹೊರಟಾಗಲೆಲ್ಲ ನಮ್ಮ ಮನೆಯಲ್ಲಿ ಮೊದಲು ಏಳುವ ಮಾತು, ಮುಂಬೈ ದಾಟುವುದು ಯಾವ ಕಡೆಯಿಂದ ಎಂಬುದು. ಒಂದು ದಾರಿ ಸಾಯನ್, ಚೆಂಬೂರು, ಮಾನಖುರ್ದ್ ಹಿಡಿದು ವಾಶಿ ಖಾಡಿಯ, ಅಂದರೆ ಅಲ್ಲಿನ ಸಮುದ್ರದ ಹಿನ್ನೀರಿನ, ಸೇತುವೆಗೆ. ಇನ್ನೊಂದು ದಕ್ಷಿಣಕ್ಕೆ ಸುತ್ತುಹಾಕಿ ಬಾಂದ್ರಾ-ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡಿನ ಸುರಂಗ, ಈಸ್ಟರ್ನ್ ಫ್ರೀವೇ, ಅಲ್ಲಿಂದ ಸಮುದ್ರ ದಾಟಿಸುವ ಅಟಲ್ ಸೇತು. ಒಂದೂವರೆ ವರ್ಷದಲ್ಲಿ ಎರಡರಲ್ಲೂ ಮೂರು ಮೂರು ಸಲ ಕಾರು ಓಡಿಸಿದ್ದೇನೆ.

ವಾಶಿಯದು ಬೇಗ ಹೇಳಿ ಮುಗಿಸಬಹುದು. ಬೆಳಗಿನ ಐದಕ್ಕೆ ಹೊರಟರೆ ಮುಕ್ಕಾಲು ಗಂಟೆಯಲ್ಲಿ ಕಳಂಬೋಲಿ, ಪುಣೆಯ ಎಕ್ಸ್‌ಪ್ರೆಸ್‌ವೇ ಶುರುವಾಗುವ ಜಾಗ. 2024ರ ಅಕ್ಟೋಬರಿನಿಂದ ಕಾರುಗಳಿಗೆ ವಾಶಿಯಲ್ಲಿ ಟೋಲ್ ಇಲ್ಲ. ಆದರೆ ಸಂಜೆ ಆರಕ್ಕೆ ಹೊರಟ ದಿನ ಅದೇ ದಾರಿ ಎರಡು ಗಂಟೆಗೂ ಹೆಚ್ಚು ತಿಂದಿತು. ಮಾನಖುರ್ದ್ ಬಳಿ ಲಾರಿಗಳ ನಡುವೆ ಕ್ಲಚ್ ತುಳಿದು ತುಳಿದು ಎಡಗಾಲು ಮರಗಟ್ಟಿಹೋಗಿತ್ತು.

ಇನ್ನೊಂದು ದಾರಿಯ ಸುರಂಗಕ್ಕೆ ನಾನು ಹೆದರಿದ್ದು ನನಗಾಗಿ ಅಲ್ಲ, ಅವ್ವನಿಗಾಗಿ. ಮುಚ್ಚಿದ ಜಾಗದಲ್ಲಿ ಅವಳಿಗೆ ಉಸಿರು ಕಟ್ಟುತ್ತದೆ. ಸಮುದ್ರದಡಿಯ ಸುರಂಗವೆಂದೇ ಇದರ ಹೆಸರಾಗಿದ್ದರೂ 2.07 ಕಿ.ಮೀ. ಉದ್ದದಲ್ಲಿ ದೊಡ್ಡ ಪಾಲು ಮಲಬಾರ್ ಹಿಲ್‌ನ ಬಂಡೆಯ ಕೆಳಗೆ ಹೋಗುತ್ತದೆ. ಅಷ್ಟು ಹೇಳಿದ್ದಕ್ಕೇ ಅವಳಿಗೆ ಧೈರ್ಯ ಬಂತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ನಿಮಿಷದ ದಾರಿ. ಕಷ್ಟವಿರುವುದು ಸುರಂಗದ ಬಾಯಲ್ಲೇ. ಪ್ರಿಯದರ್ಶಿನಿ ಪಾರ್ಕ್ ಬಳಿಯ ಬಿಸಿಲಿನಿಂದ ಒಮ್ಮೆಗೇ ಒಳಹೊಕ್ಕಾಗ ಕಣ್ಣು ಹೊಂದಿಕೊಳ್ಳಲು ಒಂದೆರಡು ಗಳಿಗೆ ಬೇಕು. ಕಪ್ಪು ಕನ್ನಡಕವನ್ನು ಮೊದಲೇ ತೆಗೆದಿಡಿ. ಜುಲೈನಲ್ಲಿ ಹೋದಾಗ ಏಸಿಯಿಂದ ತಣ್ಣಗಾಗಿದ್ದ ಗಾಜಿನ ಹೊರಮೈಗೆ ಒಳಗಿನ ಬೆಚ್ಚನೆಯ ತೇವ ತಗುಲಿ ಎದುರಿನದೆಲ್ಲ ಮಂಜಾಯಿತು. ವೈಪರ್ ಒಂದು ಸಲ ಆಡಿಸಿದೆ, ಸರಿಹೋಯಿತು. ಆ ಒಂದು ಕ್ಷಣ ಮಾತ್ರ ಎದೆ ಝಲ್ಲೆಂದಿತ್ತು. ಗಿರಗಾಂವ್ ಚೌಪಾಟಿಯ ಬಳಿ ಹೊರಗೆ ಬಂದಮೇಲೆ ಫೋರ್ಟ್ ಪ್ರದೇಶ ದಾಟಿ ಫ್ರೀವೇ ಹತ್ತುವಷ್ಟರಲ್ಲಿ, ಸುರಂಗದಲ್ಲಿ ಉಳಿಸಿದ ಸಮಯವೆಲ್ಲ ಸಿಗ್ನಲ್‌ಗಳಿಗೆ ಹೋಗುತ್ತದೆ.

ಶಿವಡಿಯಲ್ಲಿ ಅಟಲ್ ಸೇತು ಏರಿದಮೇಲೆ ಬೇರೆಯದೇ ಲೋಕ. 2024ರ ಜನವರಿಯಲ್ಲಿ ತೆರೆದ ಈ ಸೇತುವೆಯ ಒಟ್ಟು ಉದ್ದ 21.8 ಕಿ.ಮೀ., ಅದರಲ್ಲಿ ಸುಮಾರು 16.5 ಕಿ.ಮೀ. ನೀರಿನ ಮೇಲೆ. ಬೈಕು, ಆಟೋಗಳಿಗೆ ಪ್ರವೇಶವಿಲ್ಲ. ಮಿತಿ ಗಂಟೆಗೆ 100 ಕಿ.ಮೀ.; ಪಕ್ಕದಲ್ಲಿ ಮರ, ಮನೆ ಏನೂ ಇಲ್ಲದ್ದರಿಂದ ನೂರರಲ್ಲಿದ್ದರೂ ಅರವತ್ತರಂತೆ ಅನಿಸುತ್ತದೆ, ಕಾಲು ತಾನಾಗಿ ಒತ್ತುತ್ತದೆ. ಮಳೆಗಾಲದಲ್ಲಿ ಗಾಳಿಯದೇ ಕಾಟ. ಬಸ್ಸೊಂದನ್ನು ಹಿಂದೆ ಹಾಕುವಾಗ ಅದರ ಮರೆಯಲ್ಲಿ ಎಲ್ಲ ಶಾಂತ. ಮೂತಿ ದಾಟಿದೊಡನೆ ಗಾಳಿ ಕಾರನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡೂ ಕೈ ಸ್ಟೀರಿಂಗ್ ಮೇಲಿರಲಿ. ಹತ್ತುವ ಮುನ್ನ ಟೈರಿನ ಗಾಳಿ, ಪೆಟ್ರೋಲು ನೋಡಿಕೊಳ್ಳಿ, ನಡುವೆ ನಿಲ್ಲುವಂತಿಲ್ಲ. ಫೋಟೋಗೆಂದು ಅಂಚಿನಲ್ಲಿ ಕಾರು ನಿಲ್ಲಿಸಿ ಮಕ್ಕಳನ್ನು ಇಳಿಸಿದವರನ್ನು ಕಂಡು ನನಗೆ ಮೈ ಉರಿಯಿತು. ನೂರರ ವೇಗದಲ್ಲಿ ಹಿಂದಿನಿಂದ ಬರುವವನು ಏನು ಮಾಡಬೇಕು?

ಸುರಂಗದಲ್ಲಿ ಹರಟುತ್ತಿದ್ದ ಅವ್ವ ಇಲ್ಲಿ ಮೌನವಾಗಿಬಿಟ್ಟಳು. ಹತ್ತು ನಿಮಿಷವಾದಮೇಲೆ, "ನೀರು ಇನ್ನೂ ಮುಗಿಯಲಿಲ್ಲವೇನಪ್ಪಾ?" ಎಂದಳು. ನಾನು ತಲೆ ಕೆಡಿಸಿಕೊಂಡದ್ದು ಸುರಂಗದ ಬಗ್ಗೆ, ಅವಳನ್ನು ಕಾಡಿದ್ದು ಬಯಲು.

ದುಡ್ಡಿನ ಲೆಕ್ಕಕ್ಕೆ ಬಂದರೆ ಸೀ ಲಿಂಕಿಗೆ 100, ಅಟಲ್ ಸೇತುವಿಗೆ 250 ಕೊಟ್ಟಿದ್ದೇನೆ. ಸುರಂಗ ಉಚಿತ. ಸೇತುವೆಯ ಆಚೆ ತುದಿಯ ಚಿರ್ಲೆಯಲ್ಲಿ ಇಳಿದಮೇಲೆ ಬಂದರಿನ ಟ್ರೇಲರ್‌ಗಳ ಜೊತೆ ಪನವೇಲ್ ಬಳಿಯ ಪಳಸ್ಪೆಯವರೆಗೆ ಏಗಬೇಕು. ಸಂಜೆಯ ಹೊತ್ತಿಗೆ ನನಗೆ ಹಿಡಿದದ್ದು ಒಟ್ಟು ಒಂದು ಗಂಟೆ ನಲವತ್ತು ನಿಮಿಷ.

ಹಾಗಾಗಿ ಕೋಳಿ ಕೂಗುವ ಮುನ್ನ ಹೊರಟರೆ ನಾನು ಕಣ್ಣುಮುಚ್ಚಿ ವಾಶಿ ಹಿಡಿಯುತ್ತೇನೆ. ಮಧ್ಯಾಹ್ನದ ಮೇಲಾದರೆ 350 ರೂಪಾಯಿ ಹೋದರೂ ಚಿಂತೆಯಿಲ್ಲ, ಅಟಲ್ ಸೇತುವೇ ಸೈ. ಅವ್ವನನ್ನು ಮಾತ್ರ ಎಡಗಡೆಯ ಕಿಟಕಿಯಿಂದ ಎಬ್ಬಿಸಿ ನಡುವಿನ ಸೀಟಿನಲ್ಲಿ ಕೂರಿಸುತ್ತೇನೆ, ತೊಡೆಯ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡರೆ ಅವಳಿಗೆ ಹೊರಗೆ ನೋಡಲು ಪುರಸೊತ್ತೇ ಇರುವುದಿಲ್ಲ.