ಓಪನ್‌ಡಬ್ಲ್ಯುಆರ್‌ಟಿ, ಕೋರ್‌ಬೂಟ್, ಲಿಬ್ರೆಬೂಟ್: ಮೂರು ಬಾಗಿಲು ತಟ್ಟಿ ನೋಡಿದೆ

ಕಳೆದ ಮಳೆಗಾಲದಲ್ಲಿ ನನ್ನ ಮೇಜಿನ ಮೇಲೆ ಎರಡು ಹಳೇ ಯಂತ್ರಗಳಿದ್ದವು. ಒಂದು, ಇಂಟರ್ನೆಟ್ ಸಂಪರ್ಕ ಕೊಟ್ಟವರು ಐದು ವರ್ಷದ ಹಿಂದೆ ತಂದಿಟ್ಟ ರೌಟರ್. ಇಟ್ಟ ದಿನದಿಂದ ಅದಕ್ಕೆ ಒಂದೂ ಅಪ್‌ಡೇಟ್ ಬಂದಿರಲಿಲ್ಲ. ಇನ್ನೊಂದು, ಶಿವಮೊಗ್ಗದ ಬಿ.ಎಚ್. ರಸ್ತೆಯ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಐದು ಸಾವಿರಕ್ಕೆ ಸಿಕ್ಕ ಥಿಂಕ್‌ಪ್ಯಾಡ್ ಎಕ್ಸ್200. ತೀರ್ಥಹಳ್ಳಿಯಿಂದ ಹತ್ತು ಕಿಲೋಮೀಟರ್ ಒಳಗಿರುವ ನಮ್ಮೂರಲ್ಲಿ ಜುಲೈ ಬಂತು ಅಂದ್ರೆ ತೋಟದ ಕೆಲಸವೂ ಇಲ್ಲ, ಕರೆಂಟೂ ಇಲ್ಲ. ಇಷ್ಟು ವರ್ಷ ಮುಕ್ತ ತಂತ್ರಾಂಶವನ್ನು ಪುಕ್ಕಟೆ ಬಳಸಿದ್ದೇನೆ, ಒಂದು ಕೈ ಕೆಲಸ ಮಾಡಿಕೊಡೋಣ ಅನ್ನಿಸಿತು. ಸಿ ಭಾಷೆ ಓದಲು ಬರುತ್ತದೆ, ಬರೆಯುವುದು ಅಷ್ಟಕ್ಕಷ್ಟೆ. ನನ್ನಂಥವರನ್ನು ಯಾವ ಯೋಜನೆ ಒಳಗೆ ಬಿಟ್ಟುಕೊಳ್ಳುತ್ತದೆ ಅನ್ನುವುದೇ ಪ್ರಶ್ನೆಯಾಗಿತ್ತು.

ಮೂರನ್ನೂ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಮೂರೂ ಫರ್ಮ್‌ವೇರ್, ಅಂದರೆ ಯಂತ್ರದ ಚಿಪ್ಪಿನಲ್ಲೇ ಕೂತು ಅದನ್ನು ಎಬ್ಬಿಸುವ, ನಡೆಸುವ ತಂತ್ರಾಂಶ. ಓಪನ್‌ಡಬ್ಲ್ಯುಆರ್‌ಟಿ ರೌಟರ್‌ಗಳಿಗೆ. 2004ರಲ್ಲಿ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಅನ್ನುವ ರೌಟರ್‌ನಿಂದ ಶುರುವಾಯಿತು, ಹೆಸರಿನ ಬಾಲ ಅಲ್ಲಿಂದಲೇ ಬಂದಿದ್ದು. ಕೋರ್‌ಬೂಟ್, ಕಂಪ್ಯೂಟರ್ ಹಚ್ಚಿದ ಕೂಡಲೇ ಮೊದಲು ಓಡುವ ಬಯಾಸ್‌ನ ಜಾಗಕ್ಕೆ. 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯಾಸ್ ಅಂತ ಹುಟ್ಟಿ, 2008ರಲ್ಲಿ ಹೆಸರು ಬದಲಿಸಿಕೊಂಡಿತು. ಲಿಬ್ರೆಬೂಟ್ ಅದೇ ಕೋರ್‌ಬೂಟ್‌ನ್ನು ನೇರವಾಗಿ ಬಳಸುವ ಹಾಗೆ ತಯಾರು ಮಾಡಿ ಕೊಡುತ್ತದೆ. ನಮ್ಮ ಕಡೆ ಲೆಕ್ಕದಲ್ಲಿ ಹೇಳುವುದಾದರೆ ಕೋರ್‌ಬೂಟ್ ಹಸಿ ಅಡಿಕೆ. ಲಿಬ್ರೆಬೂಟ್ ಸುಲಿದು, ಬೇಯಿಸಿ, ಒಣಗಿಸಿ ಚೀಲಕ್ಕೆ ತುಂಬಿದ್ದು.

ಮೊದಲು ರೌಟರ್. ಅದರ ಮಾಡೆಲ್ ಓಪನ್‌ಡಬ್ಲ್ಯುಆರ್‌ಟಿಯ ಪಟ್ಟಿಯಲ್ಲಿರಲಿಲ್ಲ, ಆದರೆ ಹೆಚ್ಚುಕಮ್ಮಿ ಅದರ ಅಣ್ಣನಂತಿದ್ದ ಇನ್ನೊಂದು ಮಾಡೆಲ್ ಇತ್ತು. ಹಾಗಾಗಿ ನಾನು ಬರೆಯಬೇಕಿದ್ದದ್ದು ಬಹಳ ಇಲ್ಲ. ಯಾವ ಎಲ್ಇಡಿ ಯಾವ ಪಿನ್ನಿಗೆ, ಬಟನ್ ಎಲ್ಲಿದೆ, ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಚಿಪ್) ಹೇಗೆ ಹಂಚಿದೆ ಅಂತ ಹೇಳುವ ಒಂದು ಡಿವೈಸ್ ಟ್ರೀ ಕಡತ, ಮತ್ತೆ ಬಿಲ್ಡ್ ಪಟ್ಟಿಯಲ್ಲಿ ಕೆಲವು ಸಾಲು. ಒಳಗೇನಾಗುತ್ತಿದೆ ಅಂತ ನೋಡಲು ಸೀರಿಯಲ್ ಪೋರ್ಟ್ ಬೇಕಿತ್ತು. ತೀರ್ಥಹಳ್ಳಿಯ ಟಿವಿ ರಿಪೇರಿಯವರು ಬೋರ್ಡಿಗೆ ಮೂರು ಪಿನ್ ಬೆಸುಗೆ ಹಾಕಿಕೊಟ್ಟು ಮೂವತ್ತು ರೂಪಾಯಿ ತಗೊಂಡರು. "ಇದರ ಬದಲು ಹೊಸದೇ ತಗೊಳ್ಳಬಹುದಲ್ಲ ಮಾರಾಯ್ರೇ" ಅಂತ ಬುದ್ಧಿಯನ್ನೂ ಹೇಳಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಇಲ್ಲಿ ನನಗೆ ತುಂಬ ಇಷ್ಟವಾಗಿದ್ದು ಇನಿಟ್‌ರಾಮ್‌ಎಫ್‌ಎಸ್ ಇಮೇಜ್. ಹೊಸ ಫರ್ಮ್‌ವೇರ್‌ನ್ನು ಫ್ಲ್ಯಾಶ್‌ಗೆ ಬರೆಯದೆ ರ‍್ಯಾಮ್‌ನಲ್ಲೇ ಓಡಿಸಿ ನೋಡಬಹುದು. ತಪ್ಪಾದರೆ ಸ್ವಿಚ್ ಆರಿಸಿ ಹಾಕಿದರೆ ಸಾಕು, ಹಳೆಯದೇ ಏಳುತ್ತದೆ. ಆ ವಾರ ಮರ ಬಿದ್ದು ಲೈನ್ ಹೋಗಿ, ದಿನಕ್ಕೆ ಐದಾರು ಸಲ ಕರೆಂಟ್ ಕೈಕೊಡುತ್ತಿತ್ತು. ಒಂದು ಸಲವೂ ಎದೆ ಝಲ್ ಅನ್ನಲಿಲ್ಲ. ಫ್ಲ್ಯಾಶ್‌ಗೆ ನಿಜವಾಗಿ ಬರೆಯುವ ದಿನ ಮಾತ್ರ ರೌಟರ್‌ನ್ನು ಯುಪಿಎಸ್‌ಗೆ ಸಿಕ್ಕಿಸಿದೆ.

ಕಷ್ಟ ಬಂದಿದ್ದು ಆಮೇಲೆ. ಕೋಡ್ ಇಟ್ಟಿರುವ ಗಿಟ್‌ಹಬ್ ತಾಣದಲ್ಲಿ ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಹಾಕಿದೆ. ಅಲ್ಲಿ ತಾನಾಗಿ ನಡೆಯುವ ತಪಾಸಣೆ ಮೊದಲ ಹತ್ತು ನಿಮಿಷದಲ್ಲೇ ಹೇಳಿತು, ಕಮಿಟ್‌ನಲ್ಲಿರುವ (ಬದಲಾವಣೆಯ ದಾಖಲೆಯಲ್ಲಿರುವ) ಇಮೇಲ್ ಗಿಟ್‌ಹಬ್‌ನ ಮರೆಮಾಚಿದ ವಿಳಾಸ, ಅದು ನಡೆಯುವುದಿಲ್ಲ ಅಂತ. ಸರಿ ಮಾಡಿದೆ. ಎರಡು ವಾರ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಬಂದು ಕೇಳಿದರು: ಮನೆಯೊಳಗಿನ ಲ್ಯಾನ್, ಹೊರಗಿನ ವ್ಯಾನ್, ಎರಡೂ ವೈಫೈ, ಇವುಗಳ ಮ್ಯಾಕ್ ವಿಳಾಸ (ಜಾಲದಲ್ಲಿ ಒಂದೊಂದಕ್ಕೂ ಇರುವ ಗುರುತಿನ ಸಂಖ್ಯೆ) ಮೂಲ ಫರ್ಮ್‌ವೇರ್‌ನಲ್ಲಿ ಏನಿತ್ತು? ನಿಮ್ಮದು ಅದಕ್ಕೆ ಹೊಂದುತ್ತದೆಯೇ?

ನಾನಾಗಲೇ ಮೂಲ ಫರ್ಮ್‌ವೇರ್ ಅಳಿಸಿಬಿಟ್ಟಿದ್ದೆ. ಪುಣ್ಯಕ್ಕೆ 16 ಎಂಬಿ ಫ್ಲ್ಯಾಶ್‌ನ ಬ್ಯಾಕಪ್ ಇತ್ತು. ಅದನ್ನು ವಾಪಸ್ ಹಾಕಿ, ನಾಲ್ಕು ವಿಳಾಸ ಬರೆದುಕೊಂಡು, ರೌಟರ್‌ನ ಹೊಟ್ಟೆಗೆ ಅಂಟಿಸಿದ ಚೀಟಿಯ ಜೊತೆ ತಾಳೆ ನೋಡಿದೆ. 5 ಗಿಗಾಹರ್ಟ್ಸ್ ವೈಫೈಗೆ ನಾನು ಕೊಟ್ಟಿದ್ದ ವಿಳಾಸ ಒಂದು ಅಂಕಿ ಆಚೆ ಈಚೆ ಆಗಿತ್ತು. ಕೇಳಿದವರು ಸುಮ್ನೆ ಕೇಳಿರಲಿಲ್ಲ. ನೀವು ರೌಟರ್ ಸೇರಿಸಲು ಹೊರಟರೆ ಈ ನಾಲ್ಕು ವಿಳಾಸಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಯಂತ್ರದ ವಿವರ, ಫ್ಲ್ಯಾಶ್ ಮಾಡುವ ಕ್ರಮ, ಮ್ಯಾಕ್ ಪಟ್ಟಿ, ಇವೆಲ್ಲ ಕಮಿಟ್ ಸಂದೇಶದಲ್ಲೇ ಇರಬೇಕು. ಕೊನೆಗೆ ನನ್ನ ಸಂದೇಶ ಕೋಡಿಗಿಂತ ಹೆಚ್ಚು ಕಷ್ಟದ ಬರವಣಿಗೆಯಾಯಿತು.

ಇನ್ನು ಎಕ್ಸ್200. ಇದನ್ನು ಲಿಬ್ರೆಬೂಟ್‌ಗೂ ಕೋರ್‌ಬೂಟ್‌ಗೂ ಬಳಸಿದೆ. 2008ರ ಯಂತ್ರ. ಇದರಲ್ಲಿ ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್‌ನ್ನು, ಅಂದರೆ ಒಳಗೇ ಬೇರೆಯಾಗಿ ಓಡುವ ಮುಚ್ಚಿದ ತಂತ್ರಾಂಶವನ್ನು, ಪೂರ್ತಿ ಕಿತ್ತು ಹಾಕಬಹುದು, ಅದಕ್ಕೇ ಈ ಮಂದಿಗೆ ಇದರ ಮೇಲೆ ಪ್ರೀತಿ ಜಾಸ್ತಿ. ಆದರೆ ಮೊದಲ ಸಲ ಫ್ಲ್ಯಾಶ್ ಚಿಪ್ಪಿಗೆ ಹೊರಗಿನಿಂದ ಕ್ಲಿಪ್ ಹಾಕಿಯೇ ಬರೆಯಬೇಕು. ಕೀಬೋರ್ಡ್ ತೆಗೆದು, ಅಂಗೈ ಊರುವ ಪಟ್ಟಿ ತೆಗೆದು ನೋಡಿದರೆ ಚಿಪ್ಪಿಗೆ ಹದಿನಾರು ಕಾಲು. ನಾನು ತರಿಸಿದ್ದು ಎಂಟು ಕಾಲಿನ ಕ್ಲಿಪ್. ಎರಡೂ ಥರ ಇರುತ್ತದೆ, ಬಿಚ್ಚಿ ನೋಡಿಯೇ ಗೊತ್ತಾಗಬೇಕು ಅಂತ ಲಿಬ್ರೆಬೂಟ್‌ನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದದ ತಪ್ಪಿಗೆ ಇನ್ನೊಂದು ಕ್ಲಿಪ್, ಇನ್ನೊಂದು ವಾರ. ಮಳೆಗೆ ಕೊರಿಯರ್‌ನವರೂ ಒಳಗೆ ಬರುವುದಿಲ್ಲ, ಪೇಟೆಗೆ ಹೋಗಿ ತರಬೇಕು.

ಸಿಎಚ್341ಎ ಅನ್ನುವ ಅಗ್ಗದ ಪ್ರೋಗ್ರಾಮರ್ (ಚಿಪ್ಪಿಗೆ ಬರೆಯುವ ಉಪಕರಣ) ಎಲ್ಲ ಕಡೆ ಸಿಗುತ್ತದೆ. ಅದರ ಕಪ್ಪು ಬೋರ್ಡಿನ ಡೇಟಾ ಲೈನಿನಲ್ಲಿ 5 ವೋಲ್ಟ್ ಬರುತ್ತದೆ, ಚಿಪ್ಪಿಗೆ ಬೇಕಿರುವುದು 3.3. ಅದರ ಬದಲು ರಾಸ್ಪ್‌ಬೆರಿ ಪೈ ಪಿಕೊ ಅನ್ನುವ ಪುಟ್ಟ ಬೋರ್ಡ್ ಬಳಸಿ. ಬರೆಯುವ ಮೊದಲು ಹಳೆಯದನ್ನು ಎರಡು ಮೂರು ಸಲ ಓದಿ, ಪ್ರತಿಗಳು ಒಂದೇ ಥರ ಇವೆಯಾ ನೋಡಿ. ನನ್ನ ಮೊದಲ ಎರಡು ಪ್ರತಿ ಬೇರೆ ಬೇರೆ ಬಂದವು. ವೈರ್ ಉದ್ದ ಜಾಸ್ತಿಯಾಗಿತ್ತು. ಗಿಡ್ಡ ಮಾಡಿದ ಮೇಲೆ ಸರಿಹೋಯಿತು. ಮನೆಯವಳು ಕಾಫಿ ತಂದಿಟ್ಟು, "ಹಾಳಾಗಿರೋದನ್ನ ಇನ್ನಷ್ಟು ಹಾಳು ಮಾಡೋಕೆ ಇಷ್ಟು ಹೊತ್ತಾ ರೀ?" ಅಂದಳು.

ಲಿಬ್ರೆಬೂಟ್ ಬಾಗಿಲು ಮೂರರಲ್ಲಿ ಅತಿ ಅಗಲವಾದದ್ದು. ಗಿಟ್‌ಹಬ್‌ನಂಥದೇ ತಾಣವಾದ ಕೋಡ್‌ಬರ್ಗ್‌ನಲ್ಲಿ ಖಾತೆ ತೆರೆದು ಪುಲ್ ರಿಕ್ವೆಸ್ಟ್ ಕಳಿಸಿದರಾಯಿತು. ಕೈಪಿಡಿಯೆಲ್ಲ ಮಾರ್ಕ್‌ಡೌನ್ ಅನ್ನುವ ಸರಳ ಪಠ್ಯದ ಕಡತಗಳು, ಪ್ರತ್ಯೇಕ ಗಿಟ್ ಭಂಡಾರದಲ್ಲಿವೆ. ವೈರ್ ಜೋಡಣೆಯ ಬಗ್ಗೆ ನನಗೆ ಗೊಂದಲವಾಗಿದ್ದ ಒಂದು ಪ್ಯಾರಾ ಬಿಡಿಸಿ ಬರೆದು ಕಳಿಸಿದೆ. ಒಂದು ಸಂಜೆಯ ಕೆಲಸ. ಕೋಡ್ ಬರದಿದ್ದರೂ ಮಾಡಬಹುದಾದ ಇನ್ನೊಂದು ಕೆಲಸ ಪರೀಕ್ಷೆ. ಹೊಸ ಬಿಡುಗಡೆಗೆ ಮೊದಲು ಆಯಾ ಬೋರ್ಡ್ ಇರುವವರು ಹೊಸ ಫರ್ಮ್‌ವೇರ್ ಹಾಕಿ ನೋಡಿ ಹೇಳಬೇಕು. ಮಲಗಿಸಿ ಎಬ್ಬಿಸಿದರೆ ಏಳುತ್ತದಾ, ವೈಫೈ ಬರುತ್ತದಾ, ಇಷ್ಟೇ. ಯಂತ್ರ ನಿಮ್ಮ ಹತ್ತಿರ ಇರುವುದೇ ದೊಡ್ಡ ಅರ್ಹತೆ.

ಹೆಸರಿನ ವಿಷಯದಲ್ಲೂ ಮೂರು ಮೂರು ಥರ ಅಂದುಕೊಂಡಿದ್ದೆ, ಎರಡೇ ಥರ. ಓಪನ್‌ಡಬ್ಲ್ಯುಆರ್‌ಟಿ ಮತ್ತು ಕೋರ್‌ಬೂಟ್ ಎರಡೂ ಪ್ರತಿ ಕಮಿಟ್ ಕೆಳಗೆ ಸೈನ್ಡ್-ಆಫ್-ಬೈ ಸಾಲು ಕೇಳುತ್ತವೆ. ಈ ಕೋಡ್ ಕೊಡಲು ನನಗೆ ಹಕ್ಕಿದೆ ಅಂತ ಹೆಸರು ಹಾಕಿ ಒಪ್ಪಿಕೊಳ್ಳುವ ರುಜು ಅದು. ಊರಿನದೊಂದು, ಅಪ್ಪನ ಹೆಸರಿನದೊಂದು ಇನಿಷಿಯಲ್ ಇರುವ ನನ್ನಂಥವರಿಗೆ ಪೂರ್ತಿ ಹೆಸರು ಯಾವುದು ಅನ್ನುವುದೇ ತಲೆಬಿಸಿ. ಪಹಣಿಯಲ್ಲಿದ್ದ ಹಾಗೆ ಬರೆದೆ. ಲಿಬ್ರೆಬೂಟ್ ನಿಜವಾದ ಹೆಸರು ಬೇಕೇ ಬೇಕು ಅನ್ನುವುದಿಲ್ಲ. ಸುಮ್ನೆ 'ಲಿಬ್ರೆಬೂಟ್ ಕಾಂಟ್ರಿಬ್ಯೂಟರ್' ಅಂತ ಹಾಕಿದರೂ ನಡೆಯುತ್ತದೆ. ಗಿಟ್‌ನಲ್ಲಿ ಒಮ್ಮೆ ಬಿದ್ದ ಹೆಸರು ಎಲ್ಲರಿಗೂ ಕಾಣುತ್ತಲೇ ಇರುತ್ತದೆ ಅನ್ನುವುದು ನೆನಪಿರಲಿ.

ಕೋರ್‌ಬೂಟ್ ಬೇರೆಯದೇ ಮಠ. ಅಲ್ಲಿ ಪುಲ್ ರಿಕ್ವೆಸ್ಟ್ ಇಲ್ಲ, ಗೆರಿಟ್ ಅನ್ನುವ ವಿಮರ್ಶೆಯ ತಾಣ ಇದೆ. ಗಿಟ್ ಹುಕ್ (ತಾನಾಗಿ ಓಡುವ ಪುಟ್ಟ ಸ್ಕ್ರಿಪ್ಟ್) ಒಂದನ್ನು ಹಾಕಿಕೊಂಡರೆ ಪ್ರತಿ ಕಮಿಟ್‌ಗೂ ಒಂದು ಚೇಂಜ್-ಐಡಿ ಬರುತ್ತದೆ. ತಿದ್ದುಪಡಿ ಹೇಳಿದರೆ ಹೊಸ ಕಮಿಟ್ ಸೇರಿಸುವಂತಿಲ್ಲ, ಅದನ್ನೇ ಅಮೆಂಡ್ ಮಾಡಿ, ಅದೇ ಐಡಿ ಉಳಿಸಿಕೊಂಡು ಮತ್ತೆ ಕಳಿಸಬೇಕು. ನಾನು ಮೊದಲ ದಿನ ಐಡಿ ಅಳಿಸಿಬಿಟ್ಟು ಒಂದೇ ಬದಲಾವಣೆಯನ್ನು ಎರಡು ಸಲ ನೆಟ್ಟೆ. ದಸ್ತಾವೇಜಿನ ಆರು ಸಾಲಿನ ತಿದ್ದುಪಡಿ ನಾಲ್ಕನೇ ಪ್ಯಾಚ್‌ಸೆಟ್‌ವರೆಗೂ, ಅಂದರೆ ನಾಲ್ಕನೇ ಆವೃತ್ತಿಯವರೆಗೂ, ಹೋಯಿತು. ಸಂದೇಶದ ಸಾಲು 72 ಅಕ್ಷರ ದಾಟಿದೆ ಅಂತ ಒಮ್ಮೆ, ಏನು ಮಾಡಿದೆ ಅಂತಿದೆ, ಯಾಕೆ ಅಂತಿಲ್ಲ ಅಂತ ಇನ್ನೊಮ್ಮೆ. ತಾನಾಗಿ ಪರೀಕ್ಷಿಸುವ ಜೆಂಕಿನ್ಸ್ ಅನ್ನುವ ವ್ಯವಸ್ಥೆ ಬಿಲ್ಡ್ ಮಾಡಿ ಪ್ಲಸ್ ಒನ್ ಕೊಡಬೇಕು, ಆಮೇಲೆ ಅಧಿಕಾರ ಇರುವ ವಿಮರ್ಶಕರು ಪ್ಲಸ್ ಟೂ ಕೊಡಬೇಕು. ಸಣ್ಣಪುಟ್ಟದ್ದಲ್ಲದ ಬದಲಾವಣೆ ಕನಿಷ್ಠ 24 ಗಂಟೆ ಹಾಗೇ ಇರಬೇಕು, ಜಗತ್ತಿನ ಬೇರೆ ಮೂಲೆಯವರೂ ನೋಡಲಿ ಅಂತ. ಕಿರಿಕಿರಿ ಹೌದು. ಆದರೆ ಒಂದು ಬದಲಾವಣೆಯನ್ನು ಹೇಗೆ ವಿವರಿಸಬೇಕು ಅಂತ ನಾನು ಕಲಿತಿದ್ದು ಇಲ್ಲೇ. ನಾನೇ ಕಟ್ಟಿದ ಕೋರ್‌ಬೂಟ್ ಎಕ್ಸ್200ನಲ್ಲಿ ಎದ್ದ ಮೇಲೆ ಈ ಯಂತ್ರದಲ್ಲಿ ಇದು ನಡೆಯಿತು ಅನ್ನುವ ಬೋರ್ಡ್-ಸ್ಟೇಟಸ್ ವರದಿಯನ್ನೂ ಕಳಿಸಿದೆ. ಅದಕ್ಕೊಂದು ಸ್ಕ್ರಿಪ್ಟ್ ಇದೆ, ಲಾಗ್‌ಗಳನ್ನು ತಾನೇ ಹೆಕ್ಕುತ್ತದೆ. ಟೂಲ್‌ಚೈನ್ (ಕೋಡನ್ನು ಬಿಲ್ಡ್ ಮಾಡುವ ಸಲಕರಣೆಗಳು) ಕಟ್ಟಲು ಮಾತ್ರ ಒಂದಿಡೀ ರಾತ್ರಿ ಹಿಡಿಯಿತು.

ನನ್ನನ್ನು ಕೇಳಿದರೆ ಓಪನ್‌ಡಬ್ಲ್ಯುಆರ್‌ಟಿಯಿಂದ ಶುರು ಮಾಡಿ. ತಪ್ಪಿದರೂ ಯಂತ್ರ ಉಳಿಯುತ್ತದೆ, ಆದದ್ದರ ಫಲ ಅದೇ ರೌಟರ್ ಇರುವ ಪಕ್ಕದ ಮನೆಗೂ ಸಿಗುತ್ತದೆ. ನಮ್ಮ ಕೇರಿಯಲ್ಲೇ ಅಂಥವು ಏಳಿವೆ, ಎರಡಕ್ಕೆ ಆಗಲೇ ಹಾಕಿಕೊಟ್ಟೆ. ಹಳೇ ಥಿಂಕ್‌ಪ್ಯಾಡ್ ಇದ್ದು ಕೋಡ್ ಬರದವರು ಲಿಬ್ರೆಬೂಟ್ ಪರೀಕ್ಷೆಗೆ ಹೋಗಲಿ. ಕೋರ್‌ಬೂಟ್‌ಗೆ ಮೂರನೆಯದಾಗಿ ಹೋಗಿದ್ದೇ ಒಳ್ಳೆಯದಾಯಿತು, ಮೊದಲೇ ಹೋಗಿದ್ದರೆ ಅರ್ಧಕ್ಕೇ ಬಿಡುತ್ತಿದ್ದೆ.

ಓಪನ್‌ಡಬ್ಲ್ಯುಆರ್‌ಟಿಗೆ ಇನ್ನೊಂದು ಬಾಗಿಲಿದೆ. ಅದರ ಪರದೆಯ ಪುಟಗಳಿಗೆ ಲೂಸಿ ಅಂತ ಹೆಸರು, ಅನುವಾದ ವೆಬ್ಲೇಟ್ ಅನ್ನುವ ತಾಣದಲ್ಲಿ ನಡೆಯುತ್ತದೆ. ಒಂದು ಮಳೆ ದಿನ ಕನ್ನಡ ಪದಗಳ ಪಟ್ಟಿ ಮಾಡಲು ಕೂತೆ. ಜಾಲಗಳನ್ನು ಬೆಸೆಯುವ ಬ್ರಿಡ್ಜ್‌ಗೆ ಸೇತುವೆ ದೊಡ್ಡದಾಯಿತು, ಕಾಲುಸಂಕ ಸಾಕು ಅನ್ನಿಸಿತು. ಲೀಸ್‌ಗೆ ಬಂದಾಗ ತಡೆದೆ. ರೌಟರ್ ಒಂದೊಂದು ಮೊಬೈಲಿಗೂ ಒಂದೊಂದು ವಿಳಾಸವನ್ನು 12 ಗಂಟೆಗೆ ಅಂತ ಕೊಟ್ಟಿರುತ್ತದೆ, ಅದಕ್ಕೆ ಗೇಣಿ ಅಂದರೆ ಹೇಗೆ? ದೊಡ್ಡಪ್ಪ ಸಾಗರದ ಕಡೆಯವರು. ಗೇಣಿ ರೈತರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಕಥೆ ಕೇಳುತ್ತಲೇ ಬೆಳೆದವರು. ಅವರನ್ನೇ ಕೇಳಿದೆ. "ಗೇಣಿ ಪದ್ಧತಿ ಎದ್ದುಹೋಗಿ ಎಷ್ಟು ಕಾಲ ಆಯ್ತೋ, ಮತ್ತೆ ತರ್ತೀಯಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹನ್ನೆರಡು ಗಂಟೆ ಉಳುಮೆ ಮಾಡಿದ ಮೇಲೆ ಆ ವಿಳಾಸ ಮೊಬೈಲಿಗೇ ಆಗಬೇಕಲ್ವಾ?" ಅಂತ ಕೇಳಿದರು. ಆ ಪದದ ಮುಂದೆ ಜಾಗ ಇನ್ನೂ ಖಾಲಿ ಇದೆ.